ಹಾಡಿನಲ್ಲಿ ಸ್ವಾರ್ಥ

ಸ್ವಾರ್ಥವೆಂಬ ಶಬ್ದಕ್ಕೆ ಲೋಕವ್ಯವಹಾರದಲ್ಲಿ ಒಳ್ಳೆಯ ಹೆಸರಿಲ್ಲ. ತನ್ನ ಪ್ರಯೋಜನವೊಂದನ್ನೇ ನೋಡಿಕೊಳ್ಳುವವನನ್ನು ಸ್ವಾರ್ಥಿಯೆಂದು ಜರೆಯುತ್ತೇವೆ. ಆದರೆ ಶಬ್ದವನ್ನು ಬಿಡಿಸಿ ನೋಡಿದರೆ ಅದರೊಳಗೆ ನಿಂದೆಯೇನೂ ಇಲ್ಲ. ಸ್ವ ಎಂದರೆ ತನ್ನ. ಅರ್ಥವೆಂದರೆ ಪ್ರಯೋಜನವೂ ಹೌದು, ಮಾತಿನಿಂದ ತೋರುವ ತಾತ್ಪರ್ಯವೂ ಹೌದು. ಈ ಎರಡನೆಯ ಬಗೆಯ ಸ್ವಾರ್ಥವನ್ನು ಕುರಿತು, ಎಂದರೆ ಒಬ್ಬನು ಒಂದು ಹಾಡನ್ನು ಕೇಳಿ ಅದರಲ್ಲಿ ತನ್ನದೇ ಆದ ಅರ್ಥವೊಂದನ್ನು ಕಂಡುಕೊಳ್ಳುವುದನ್ನು ಕುರಿತು, ಇಲ್ಲಿ ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇನೆ. ಮೊದಲನೆಯ ಬಗೆಯ ಸ್ವಾರ್ಥವು ಎರಡನೆಯದರೊಳಕ್ಕೆ ಯಾವಾಗ ನುಸುಳಿಕೊಳ್ಳುತ್ತದೆ ಎಂಬುದೇ ನನ್ನ ಪ್ರಶ್ನೆ.

ಹಾಡೆಂದೊಡನೆ ವಾಚಕರು ಪುರಂದರದಾಸರ ಕೀರ್ತನೆಯನ್ನೋ ಶರಣರ ವಚನವನ್ನೋ ನಿರೀಕ್ಷಿಸಬಹುದು. ನಾನು ಆರಿಸಿಕೊಂಡಿರುವುದು ಸಿನಿಮಾ ಹಾಡನ್ನು. ಅಲಂಕಾರಶಾಸ್ತ್ರವನ್ನು ಓದಿದವನಿಗೆ ಇದೇನು ಬುದ್ಧಿಯೆಂದು ನನ್ನ ಸಹಪಾಠಿಗಳಲ್ಲಿ ಕೆಲವರು ಹುಬ್ಬು ಗಂಟಿಕ್ಕಿಯಾರು. ಕಾರಣವುಂಟು. ಕೀರ್ತನೆಯ ಅರ್ಥವನ್ನು ಸಂಪ್ರದಾಯವು ಕಾಯುತ್ತದೆ. ವಚನಕ್ಕೆ ಟೀಕೆಯುಂಟು, ಮಠವುಂಟು, ವಿಶ್ವವಿದ್ಯಾನಿಲಯವುಂಟು. ಸಿನಿಮಾ ಹಾಡಿಗೆ ಟೀಕಾಕಾರನಿಲ್ಲ, ಗುರುಪರಂಪರೆಯಿಲ್ಲ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯನ್ನು ದಾಟಿ ನಮ್ಮ ಬ್ಯಾಡರಹಳ್ಳಿಗೆ ಬರುವ ದಾರಿಯುದ್ದಕ್ಕೂ ಅದು ಕೇಳಿಸುತ್ತದೆ: ಆಟೋರಿಕ್ಷಾದಲ್ಲಿ, ಹಾಲಿನ ಅಂಗಡಿಯಲ್ಲಿ, ಸಂಜೆ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಮರಳುವ ಹೆಣ್ಣುಮಕ್ಕಳ ಕೈಯ ಮೊಬೈಲಿನಲ್ಲಿ. ಯಾರೂ ಅವರಿಗೆ ಅದನ್ನು ಅರ್ಥೈಸಿ ಹೇಳಿಲ್ಲ. ನಮಗೆ ಪಾಠಶಾಲೆಯಲ್ಲಿ ಅನ್ವಯವೆಂದರೆ ಶ್ಲೋಕದ ಪದಗಳನ್ನು ಒಂದಕ್ಕೊಂದು ಕ್ರಮವಾಗಿ ಜೋಡಿಸುವುದು. ಅವರಿಗೆ ಅನ್ವಯವೆಂದರೆ ಹಾಡಿನ ಪದಗಳಿಗೆ ತಮ್ಮ ದಿನಗಳನ್ನು ಜೋಡಿಸುವುದು. ಶಾಸ್ತ್ರದ ನೆರವಿಲ್ಲದೆ ಮನುಷ್ಯನು ಮಾತಿನಿಂದ ಅರ್ಥವನ್ನು ಹೇಗೆ ಪಡೆಯುತ್ತಾನೆಂಬುದನ್ನು ನೋಡಬೇಕಾದರೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಕ್ಕುವುದಿಲ್ಲ.

ಹಾಗೆಂದು ಶಾಸ್ತ್ರವು ಈ ವಿಷಯದಲ್ಲಿ ಮೂಕವೂ ಅಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟನು ತನ್ನ 'ಕಾವ್ಯಪ್ರಕಾಶ'ದಲ್ಲಿ ಸೂರ್ಯನು ಮುಳುಗಿದನೆಂದು ಹೇಳುವ ಒಂದು ಪುಟ್ಟ ವಾಕ್ಯವನ್ನೆತ್ತಿಕೊಂಡು ವಿಚಾರಮಾಡುತ್ತಾನೆ. ವಾಕ್ಯವು ಒಂದೇ, ಅದರ ವಾಚ್ಯಾರ್ಥವೂ ಒಂದೇ. ಆದರೆ ಸೇನಾಪತಿಗೆ ಅದು ಶತ್ರುವಿನ ಮೇಲೆ ಬೀಳಲು ಸಮಯವಾಯಿತೆಂದು ತೋರುತ್ತದೆ; ಪ್ರಿಯನನ್ನು ಕೂಡಲು ಹೊರಟವಳಿಗೆ ಸಂಕೇತಸ್ಥಾನವು ನೆನಪಾಗುತ್ತದೆ; ಕೂಲಿಯವನಿಗೆ ಕೆಲಸ ಬಿಡುವ ಹೊತ್ತು, ವೈದಿಕನಿಗೆ ಸಂಧ್ಯಾವಂದನೆಯ ಹೊತ್ತು, ದನಕಾಯುವವನಿಗೆ ಹಸುಗಳನ್ನು ಹಟ್ಟಿಗೆ ಹೊಡೆಯುವ ಹೊತ್ತು, ವ್ಯಾಪಾರಿಗೆ ಸರಕನ್ನು ಕಟ್ಟುವ ಹೊತ್ತು. ಪರದೇಶಕ್ಕೆ ಹೋದ ಗಂಡನಿಗಾಗಿ ಕಾದಿರುವವಳಿಗೆ ಇವೊಂದೂ ಅಲ್ಲ. ಇಂದೂ ಅವನು ಬರಲಿಲ್ಲವೆಂದಷ್ಟೆ. ನಾವು ಇದನ್ನು ಬಾಯಿಪಾಠ ಮಾಡಿದ್ದೆವು. ಪರೀಕ್ಷೆಗೆ ಎರಡೋ ನಾಲ್ಕೋ ಅಂಕಗಳು ಇದರಿಂದ ಬರುತ್ತಿದ್ದುದರಿಂದ ಇದರಲ್ಲಿ ಬಾಳಿನ ಸಂಗತಿಯೂ ಉಂಟೆಂದು ಯಾವ ವಿದ್ಯಾರ್ಥಿಯೂ ಯೋಚಿಸುತ್ತಿರಲಿಲ್ಲ.

ಮಮ್ಮಟನ ಈ ಸೂರ್ಯಾಸ್ತವು ನಮ್ಮ ಕಾಲದಲ್ಲಿಯೇ, ಕನ್ನಡದಲ್ಲಿಯೇ, ಎಲ್ಲರೂ ಬಲ್ಲ ರೀತಿಯಲ್ಲಿ ಮತ್ತೊಮ್ಮೆ ನಡೆಯಿತು. 1980ರ ದಶಕದ ಆದಿಯಲ್ಲಿ ಬಂದ 'ಭಾಗ್ಯವಂತ'ವೆಂಬ ಚಿತ್ರದಲ್ಲಿ, ಆಗ ಮಾಸ್ಟರ್ ಲೋಹಿತನೆಂದು ಕರೆಯಲ್ಪಡುತ್ತಿದ್ದ ಬಾಲಕನೊಬ್ಬನು ತನ್ನ ಸ್ವಂತ ಕಂಠದಿಂದ ಒಂದು ಹಾಡನ್ನು ಹಾಡಿದ್ದಾನೆ. ಸೂರ್ಯನು ಇಳಿದುಹೋದುದನ್ನೂ ಚಂದ್ರನು ಮೇಲೆ ಬಂದುದನ್ನೂ ಹೇಳುವ ಹಾಡು. ನಾಡಿನ ಎಷ್ಟೋ ಮನೆಗಳಲ್ಲಿ ತಾಯಂದಿರು ಅದನ್ನು ಗುನುಗಿ ಮಕ್ಕಳನ್ನು ಮಲಗಿಸಿದರು. ಆ ಬಾಲಕನೇ ಮುಂದೆ ಪುನೀತ್ ರಾಜ್‌ಕುಮಾರ್ ಎಂದು ಪ್ರಸಿದ್ಧನಾದನು. 2021ರ ಅಕ್ಟೋಬರ್ 29ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಹೃದಯವು ನಿಂತು ತೀರಿಕೊಂಡನು. 31ರಂದು ನಮ್ಮ ಪಶ್ಚಿಮ ಬೆಂಗಳೂರಿನ ಕಂಠೀರವ ಸ್ಟುಡಿಯೋದ ಆವರಣದಲ್ಲಿ ತಂದೆತಾಯಿಗಳ ಸಮಾಧಿಯ ಬಳಿಯಲ್ಲಿ ಅವನನ್ನು ಮಣ್ಣುಮಾಡಿದರು. ಆ ವಾರ ನಾಡಿನಲ್ಲೆಲ್ಲ ಆ ಹಳೆಯ ಹಾಡು ಕೇಳಿಬಂದಿತು. ಅದರ ಒಂದಕ್ಷರವೂ ಬದಲಾಗಿರಲಿಲ್ಲ. ಕಂಠವೂ ಅದೇ, ಆ ಎಳೆಯ ಕಂಠ. ಆದರೆ ನಲವತ್ತು ವರ್ಷ ಮಕ್ಕಳ ಕಣ್ಣಿಗೆ ನಿದ್ರೆಯನ್ನು ತಂದ ಹಾಡು ಈಗ ದೊಡ್ಡವರ ಕಣ್ಣಿಗೆ ನೀರನ್ನು ತಂದಿತು. ಸೂರ್ಯನೆಂದರೆ ಯಾರೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು, ಅದನ್ನು ಹಾಯ್ದು ಹೋಗುವುದು ಸರಿಯಲ್ಲ. ಮಮ್ಮಟನ ಉದಾಹರಣೆಯಲ್ಲಿ ಅರ್ಥವು ಹಲವಾಗುವುದು ಹೇಳುವವನು ಯಾರು, ಕೇಳುವವನು ಯಾರು, ಪ್ರಕರಣ ಯಾವುದು ಎಂಬುದರ ಬಲದಿಂದ. ಪ್ರತಿಯೊಂದು ಸಂದರ್ಭದಲ್ಲಿಯೂ ಹೇಳುವವನೊಬ್ಬನು ಎದುರಿಗೆ ಇದ್ದಾನೆ, ಅವನಿಗೊಂದು ಅಭಿಪ್ರಾಯವಿದೆ. ಸಿನಿಮಾ ಹಾಡನ್ನು ಬರೆದವನಿಗಾದರೋ ನಲವತ್ತು ವರ್ಷಗಳ ಮುಂದಿನ ಮರಣವು ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ಈ ಅರ್ಥವು ಹಾಡಿನದೆಂದು ಹೇಗೆ ಹೇಳುವುದು? ಕೇಳಿದವನು ತನ್ನ ಜೇಬಿನಲ್ಲಿದ್ದುದನ್ನು ಹಾಡಿನ ಜೇಬಿಗೆ ಹಾಕಿ ಮತ್ತೆ ತೆಗೆದು ತೋರಿಸಿದಂತಾಗಲಿಲ್ಲವೆ?

ಇದಕ್ಕೆ ನಮ್ಮ ಮೀಮಾಂಸಕರ ಮನೆಯಲ್ಲಿ ಅರ್ಧ ಉತ್ತರ ದೊರೆಯುತ್ತದೆ. ವೇದವು ಅಪೌರುಷೇಯ, ಅದನ್ನು ರಚಿಸಿದವನೇ ಇಲ್ಲ, ಆದರೂ ಅದಕ್ಕೆ ಅರ್ಥವುಂಟೆಂದು ವಾದಿಸಿದವರು ಅವರು. ಎಂದರೆ ಹೇಳುವವನ ಇಚ್ಛೆಯೇ ಅರ್ಥದ ಮೂಲವೆಂಬುದನ್ನು ಅವರು ಒಪ್ಪಲಿಲ್ಲ. ಅರ್ಥವು ಶಬ್ದದಲ್ಲಿಯೇ ಇದೆ. ಈ ಮಾತನ್ನು ಒಪ್ಪುವುದಾದರೆ ಬರೆದವನು ನೆನೆಯದ ಅರ್ಥವೂ ಹಾಡಿನಲ್ಲಿರಬಹುದು. ಆದರೆ ಇದೇ ಮಹನೀಯರು ಬೀಗದ ಕೈಯನ್ನು ಕೇಳುವವನಿಗೂ ಕೊಡಲಿಲ್ಲ. ಉಪಕ್ರಮ ಉಪಸಂಹಾರಗಳು ಹೊಂದಬೇಕು, ಮತ್ತೆ ಮತ್ತೆ ಬರುವ ಮಾತು ಯಾವುದೆಂದು ನೋಡಬೇಕು, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂದು ಆರು ಗುರುತುಗಳನ್ನು ಹಚ್ಚಿ ತಾತ್ಪರ್ಯವನ್ನು ನಿಶ್ಚಯಿಸಬೇಕೆಂದು ಸಂಪ್ರದಾಯವು ಕಟ್ಟುಮಾಡಿತು. ಸೂರ್ಯಾಸ್ತದ ಹಾಡಿನಲ್ಲಿ ತನ್ನ ಸೈಟಿನ ದಾವೆಯ ತೀರ್ಪು ಅಡಗಿದೆಯೆಂದು ನಮ್ಮ ಬಡಾವಣೆಯ ನಿವಾಸಿಯೊಬ್ಬನು ಹೇಳಿದರೆ, ಅದು ಅವನ ಅರ್ಥವಾಗಬಹುದು, ಹಾಡಿನ ಅರ್ಥವಾಗಲಾರದು. ಬೆಳಕೊಂದು ಇಳಿದುಹೋಯಿತೆಂದು ಅತ್ತವನ ಅರ್ಥಕ್ಕಾದರೆ ಹಾಡು ಬಾಗಿಲು ತೆರೆಯುತ್ತದೆ. ಸ್ವಂತ ಅರ್ಥಕ್ಕೆ ಸ್ವಾತಂತ್ರ್ಯವುಂಟು, ಸ್ವೇಚ್ಛೆಯಿಲ್ಲ. ಇಷ್ಟಕ್ಕೆ ತೃಪ್ತನಾಗಿ ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ನನ್ನನ್ನು ಕಾಡಿದ ಪ್ರಶ್ನೆ ಅರ್ಥದ್ದಲ್ಲ, ಧರ್ಮದ್ದು.

ಇನ್ನೊಂದು ಹಾಡಿನ ಸಂಗತಿಯನ್ನು ಹೇಳಿದ ಹೊರತು ಅದು ಸ್ಪಷ್ಟವಾಗಲಾರದು. 1971ರಲ್ಲಿ ದೊರೈ–ಭಗವಾನರು ನಿರ್ದೇಶಿಸಿದ 'ಕಸ್ತೂರಿ ನಿವಾಸ'ವನ್ನು ವಾಚಕರಲ್ಲಿ ಬಹುಮಂದಿ ನೋಡಿರುತ್ತೀರಿ. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯನೊಬ್ಬನು, ಕೊಡುವುದೇ ಮನೆತನದ ವ್ರತವೆಂದು ನಂಬಿದವನು, ಸಂಪತ್ತೆಲ್ಲವೂ ಕರಗಿದ ಮೇಲೆಯೂ ಕೊಡುವುದನ್ನು ಬಿಡದೆ ನಾಶವಾಗುವ ಕಥೆ. ಅದರಲ್ಲಿ ಎಷ್ಟು ಸಲ ಕೆಡವಿದರೂ ಮತ್ತೆ ನೆಟ್ಟಗೆ ನಿಲ್ಲುವ ಬೊಂಬೆಯೊಂದು ಬರುತ್ತದೆ. ಚಿ. ಉದಯಶಂಕರರು ಬರೆದು ಜಿ.ಕೆ. ವೆಂಕಟೇಶರು ರಾಗ ಹಾಕಿ ಪಿ.ಬಿ. ಶ್ರೀನಿವಾಸರು ಹಾಡಿದ ಆ ಬೊಂಬೆಯ ಹಾಡು ಒಮ್ಮೆ ಉಲ್ಲಾಸದಲ್ಲಿ ಕೇಳಿಸುತ್ತದೆ. ಅದೇ ಧಾಟಿಯು ಮತ್ತೊಮ್ಮೆ ಶೋಕದಲ್ಲಿ ಮರಳುತ್ತದೆ. ಬಿದ್ದರೂ ಏಳುವ ಬೊಂಬೆಯೆಂದರೆ ಆ ಕಥಾನಾಯಕನೆಂದು ಎಲ್ಲರಿಗೂ ತಿಳಿಯುತ್ತದೆ. ಕಡೆಯಲ್ಲಿ ಆಡಿಸುವವನಿಗೇ ಬೇಸರವಾದರೆ ಬೊಂಬೆಯೇನು ಮಾಡಬಲ್ಲದು ಎಂಬುದೂ ತಿಳಿಯುತ್ತದೆ. ನಾಯಕನ ಪಾತ್ರ ರಾಜ್‌ಕುಮಾರರದು.

ಆ ಬೊಂಬೆಯನ್ನು 2017ರಲ್ಲಿ ಸಂತೋಷ್ ಆನಂದರಾಮರು 'ರಾಜಕುಮಾರ' ಚಿತ್ರದ ಹಾಡಿಗೆ ಮತ್ತೆ ಕರೆತಂದರು. ವಿ. ಹರಿಕೃಷ್ಣರ ಸಂಗೀತ, ಹಾಡಿದವರು ವಿಜಯ್ ಪ್ರಕಾಶ್. ಈಗ ಬೊಂಬೆಯೇ ಬಾಯಿ ತೆರೆದು ಮಗನನ್ನು ಕೊಂಡಾಡುತ್ತದೆ. ತಂದೆಯನ್ನು ಬಲ್ಲವರಿಗೆ ಆ ಹೊಗಳಿಕೆಯ ಹಿಂದೆ ಹಳೆಯ ಮನೆಯೊಂದು ಕಾಣುತ್ತದೆ. ನಾಲ್ಕು ವರ್ಷಗಳ ಕಾಲ ಅದು ಹಬ್ಬದ ಹಾಡಾಗಿತ್ತು: ಹುಟ್ಟುಹಬ್ಬಗಳಲ್ಲಿ, ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ, ನವೆಂಬರ್ ತಿಂಗಳಿಡೀ ನಮ್ಮ ಬೀದಿಯ ರಾಜ್ಯೋತ್ಸವದ ಧ್ವನಿವರ್ಧಕದಲ್ಲಿ (ಆ ಯಂತ್ರದ ವಿಷಯವಾಗಿ ನನಗಿರುವ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ). 2021ರ ಅಕ್ಟೋಬರಿನ ಆ ಶುಕ್ರವಾರದ ನಂತರ ಅದೂ ಶೋಕಗೀತವಾಯಿತು. ಮೊದಲು ಎದುರಿಗಿದ್ದವನನ್ನು ಹೊಗಳಿದ ಬೊಂಬೆಯು ಈಗ ಹೋದವನನ್ನು ಕರೆಯುವಂತೆ ಕೇಳಿಸಿತು. 'ಕಸ್ತೂರಿ ನಿವಾಸ'ದಲ್ಲಿ ಒಂದೇ ಧಾಟಿಯು ಉಲ್ಲಾಸಕ್ಕೂ ಶೋಕಕ್ಕೂ ಒದಗಿದುದು ಕವಿಗಾಯಕರ ಸಂಕಲ್ಪದಿಂದ; ಇಲ್ಲಿ ಆ ಎರಡನೆಯ ಆವೃತ್ತಿಯನ್ನು ಕೇಳುಗರೇ ರಚಿಸಿದರು.

ನಮ್ಮ ಬ್ಯಾಡರಹಳ್ಳಿಯಲ್ಲಿ, ನಮ್ಮ ಮನೆಗೆ ಮೂರು ಮನೆ ಆಚೆ, ಒಬ್ಬ ತಾಯಿ ಇದ್ದಾಳೆ. ಅವಳ ಹಿರಿಯ ಮಗನು 2021ರ ಮೇ ತಿಂಗಳಲ್ಲಿ ಕೊರೋನಾದಿಂದ ಆಸ್ಪತ್ರೆಯೊಂದರಲ್ಲಿ ತೀರಿಹೋದನು, ಮೂವತ್ತು ತುಂಬಿರಲಿಲ್ಲ. ಆ ದಿನಗಳು ಎಂಥವೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಸುಮನಹಳ್ಳಿಯ ಚಿತಾಗಾರದ ಮುಂದೆ ವಾಹನಗಳು ಸಾಲುಗಟ್ಟಿ ನಿಂತುದನ್ನು ಕಂಡಿದ್ದೇವೆ. ಮುಖವನ್ನು ಸರಿಯಾಗಿ ನೋಡುವುದಕ್ಕೂ ಆಗಲಿಲ್ಲ, ಬಂಧುಗಳು ಬರುವುದಕ್ಕೂ ಆಗಲಿಲ್ಲ. ತಾಯಿಯು ಅಳಲಿಲ್ಲ. ಮೇ ಕಳೆಯಿತು, ಶ್ರಾವಣ ಬಂದಿತು, ಗೌರಿಹಬ್ಬ ಬಂದಿತು. ಅವಳು ಅಡಿಗೆ ಮಾಡುತ್ತಿದ್ದಳು, ನೀರು ಹಿಡಿಯುತ್ತಿದ್ದಳು, ಅಳಲಿಲ್ಲ. ಅಕ್ಟೋಬರಿನ ಕಡೆಯಲ್ಲಿ ಬೀದಿಯ ಮೂಲೆಯಲ್ಲಿ ಹುಡುಗರು ಆ ನಟನ ಚಿತ್ರಕ್ಕೆ ಹೂಮಾಲೆ ಹಾಕಿ ಬೊಂಬೆಯ ಹಾಡನ್ನು ಹಾಕಿದಾಗ, ಅವಳು ಬಾಗಿಲಿಗೆ ಬಂದು ನಿಂತು, ಹೊಸ್ತಿಲಿನ ಮೇಲೆಯೇ ಕುಳಿತು, ಗಟ್ಟಿಯಾಗಿ ಅತ್ತಳು. ಅಂದಿನಿಂದ ಸಂಜೆಯ ದೀಪ ಹಚ್ಚಿದ ಮೇಲೆ ಆ ಹಾಡನ್ನು ಮೊಬೈಲಿನಲ್ಲಿ ಹಾಕಿಕೊಂಡು ಒಬ್ಬಳೇ ಕುಳಿತು ಕೇಳುವುದು ಅವಳ ನಿಯಮವಾಯಿತು.

ಅವಳ ಗಂಡನು ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು, ವಿವೇಕಿ. ಒಂದು ದಿನ ನನ್ನಲ್ಲಿಗೆ ಬಂದು ಕೇಳಿದನು: "ಮೇಷ್ಟ್ರೇ, ಇದು ಸರಿಯೇ? ಮಗನ ತಿಥಿಯ ದಿನ ಅಳಲಿಲ್ಲ. ಸಿನಿಮಾದವರ ಹಾಡಿಗೆ ದಿನವೂ ಅಳುತ್ತಾಳೆ. ಅವಳು ಅಳುತ್ತಿರುವುದು ಯಾರಿಗೆ?" ನಾನು ಒಡನೆ ಉತ್ತರಿಸಲಿಲ್ಲ, ಎರಡು ದಿನ ಬಿಟ್ಟು ಬರುವಂತೆ ಹೇಳಿದೆನು.

ಅವನ ಪ್ರಶ್ನೆಯನ್ನು ಸಾವಿರ ವರ್ಷಗಳ ಹಿಂದೆಯೇ ಅಭಿನವಗುಪ್ತನು ಬೇರೆ ಮಾತುಗಳಲ್ಲಿ ಕೇಳಿಕೊಂಡಿದ್ದಾನೆ. ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವನು ರಸಾನುಭವಕ್ಕೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲೊಂದು, ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗಿರುವುದು. ತನ್ನ ಮನೆಯ ಸಾವಿನಲ್ಲಿ ಮುಳುಗಿದವನು ಇನ್ನೊಬ್ಬನ ಕಥೆಯಲ್ಲಿ ಮನಸ್ಸನ್ನು ಹೇಗೆ ನಿಲ್ಲಿಸಿಯಾನು? ಕ್ರೌಂಚಪಕ್ಷಿಯನ್ನು ಬೇಡನು ಹೊಡೆದುದನ್ನು ಕಂಡು ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬ ಪ್ರಸಿದ್ಧ ಮಾತಿನ ಮೇಲೂ ಅವನು ಎಚ್ಚರಿಸುತ್ತಾನೆ: ಆ ಶೋಕವು ಮುನಿಯ ಸ್ವಂತದ್ದೆಂದು ತಿಳಿಯಬಾರದು, ಸ್ವಂತದ್ದಾಗಿದ್ದರೆ ಮುನಿಯು ದುಃಖಪಡುತ್ತಿದ್ದನೇ ಹೊರತು ಕಾವ್ಯವು ಹುಟ್ಟುತ್ತಿರಲಿಲ್ಲ. (ಹೆಸರಿನ ರೂಪವನ್ನು ನೋಡಿದರೆ ನಮ್ಮ ಊರಿನಲ್ಲಿಯೂ ಒಬ್ಬ ಬೇಡನು ಕುಳಿತಿದ್ದಾನೆ, ಆದುದರಿಂದ ಈ ಪ್ರಸಂಗವು ನನಗೆ ಆಗಾಗ ನೆನಪಾಗುವುದುಂಟು.) ಈ ಲೆಕ್ಕದಲ್ಲಿ ಆ ತಾಯಿಯದು ರಸವಲ್ಲ. ಹಾಡಿನ ನೆವದಲ್ಲಿ ಅವಳು ತನ್ನ ದುಃಖವನ್ನೇ ಉಣ್ಣುತ್ತಿದ್ದಾಳೆ. ಪಾಠಶಾಲೆಯ ಪರೀಕ್ಷೆಯಲ್ಲಾಗಿದ್ದರೆ ಇದು ಸರಿಯಾದ ಉತ್ತರ.

ಆದರೆ ಗ್ರಂಥವನ್ನು ಇನ್ನೂ ನಾಲ್ಕು ಪಂಕ್ತಿ ಓದಬೇಕು. ಆ ವಿಘ್ನಕ್ಕೆ ಪರಿಹಾರವೇನೆಂಬುದನ್ನೂ ಆಚಾರ್ಯನು ಅಲ್ಲಿಯೇ ಹೇಳುತ್ತಾನೆ: ವಾದ್ಯ, ಗಾನ, ಬಣ್ಣಬಣ್ಣದ ರಂಗಮಂಟಪ, ಚತುರರಾದ ನಟಿಯರು. ಇವು ಯಾರೊಬ್ಬರ ಸೊತ್ತೂ ಅಲ್ಲ, ಎಲ್ಲರಿಗೂ ಸಮಾನವಾಗಿ ಸಲ್ಲುವಂಥವು. ಇವುಗಳಿಂದ ಮನಸ್ಸು ತೊಳೆದಂತಾಗಿ, ಹೃದಯವಿಲ್ಲದವನೂ ಸಹೃದಯನಾಗುತ್ತಾನಂತೆ. ಸ್ವಂತ ದುಃಖವು ಹಾಡಿಗೆ ಅಡ್ಡಿ; ಆ ಅಡ್ಡಿಗೆ ಔಷಧವೂ ಹಾಡೇ. ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ ಪ್ರಕಟಿಸಿದ 'ಭಾರತೀಯ ಕಾವ್ಯಮೀಮಾಂಸೆ'ಯು ರಸದ ಈ ವಿಚಾರಗಳನ್ನೆಲ್ಲ ಸಂಸ್ಕೃತವನ್ನು ಕಲಿಯದವರಿಗೂ ಎಟಕುವಂತೆ ಮಾಡಿದೆ. ಮನೆಯಲ್ಲಿ ಆ ಪುಸ್ತಕವಿದ್ದವರು ಈ ಹೊತ್ತಿನಲ್ಲಿ ಧೂಳು ಕೊಡವಿ ತೆಗೆಯಬಹುದು.

ಮೇ ತಿಂಗಳಲ್ಲಿ ಆ ತಾಯಿಯ ದುಃಖವು ಅವಳೊಬ್ಬಳದೇ ಆಗಿತ್ತು. ಬಂಧುಗಳೂ ಹಂಚಿಕೊಳ್ಳಲು ಬರಲಾರದಂಥ ಒಂಟಿ ದುಃಖ. ಅದು ಕಲ್ಲಿನಂತೆ ಕುಳಿತಿತ್ತು. ಅಕ್ಟೋಬರಿನಲ್ಲಿ ಬೀದಿಯೇ ಅತ್ತಿತು. ಅಳುವುದಕ್ಕೆ ಒಂದು ಸ್ಥಳ, ಒಂದು ಧಾಟಿ, ಸಾವಿರ ಜನರ ಜೊತೆ ದೊರೆಯಿತು. ಯಾರ ಮಗನಿಗೋ ಕಟ್ಟಿದ ಹಾಡು ತನ್ನ ಮಗನಿಗೂ ಒದಗಿತು. ಹೀಗೆ ನೋಡಿದರೆ ಅವಳು ಹಾಡನ್ನು ತನ್ನದಾಗಿ ಮಾಡಿಕೊಂಡಳೆಂಬುದಕ್ಕಿಂತ ತನ್ನ ದುಃಖವನ್ನು ಎಲ್ಲರದಾಗಿ ಮಾಡಿದಳೆಂಬುದು ಹೆಚ್ಚು ನಿಜ. ಅವಳ ಗಂಡನ ಪ್ರಶ್ನೆಗೆ ಮೊದಲನೆಯ ಉತ್ತರ ಇದು: ಅವಳು ಅಳುತ್ತಿರುವುದು ಇಬ್ಬರಿಗೂ, ಮತ್ತು ಹಾಗೆ ಅಳುವುದು ತಪ್ಪಲ್ಲ.

ಆದರೆ ಕಾಳಿದಾಸನನ್ನು ಓದಿದವನಿಗೆ ಇಷ್ಟಕ್ಕೆ ಸಮಾಧಾನವಾಗುವುದಿಲ್ಲ. ಬಸವಪ್ಪ ಶಾಸ್ತ್ರಿಗಳ ಪುಣ್ಯದಿಂದ ಕನ್ನಡದ ಮನೆಮಾತಾಗಿರುವ ಶಾಕುಂತಲದ ಐದನೆಯ ಅಂಕವನ್ನು ನೆನೆಯಿರಿ. ಅರಮನೆಯೊಳಗೆ ಹಂಸಪದಿಕೆಯು ಹಾಡುತ್ತಿದ್ದಾಳೆ. ಮಾವಿನ ಹೂವಿನ ಮೇಲೆರಗಿದ್ದ ದುಂಬಿಯು ಈಗ ತಾವರೆಯಲ್ಲಿ ನೆಲೆಸಿ ಆ ಹೂವನ್ನು ಮರೆತುದೇಕೆಂದು ಕೇಳುವ ಹಾಡು. ದುಷ್ಯಂತನು ಜಾಣನು, ಇದು ತನ್ನನ್ನು ಕುರಿತ ಆಕ್ಷೇಪಣೆಯೆಂದು ಒಡನೆ ಅರಿತು, ಗೆಳೆಯನಾದ ವಿದೂಷಕನನ್ನು ಸಮಾಧಾನ ಹೇಳಲು ಕಳುಹಿಸುತ್ತಾನೆ. ಹಾಡಿದವಳ ಅಭಿಪ್ರಾಯವು ಅಲ್ಲಿಗೆ ಮುಗಿಯಿತು. ಆದರೆ ಅರಸನೊಳಗೆ ಏನೋ ಉಳಿಯುತ್ತದೆ. ಪ್ರಿಯಜನರ ಅಗಲಿಕೆಯೇನೂ ಇಲ್ಲದಿರುವಾಗ ಮನಸ್ಸು ಇಷ್ಟು ತಳಮಳಿಸುವುದೇಕೆಂದು ಅವನಿಗೇ ಬೆರಗು. ಜನ್ಮಾಂತರದ ಸ್ನೇಹವಿರಬೇಕೆಂದು ಒಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಜನ್ಮಾಂತರದ್ದಲ್ಲ, ಈ ಜನ್ಮದ್ದೇ. ದುರ್ವಾಸನ ಶಾಪದಿಂದ ಮರೆತ ಶಕುಂತಲೆಯದು. ಹಾಡಿದವಳು ನೆನೆಯದ, ಕೇಳಿದವನಿಗೂ ತಿಳಿಯದ ಅರ್ಥವೊಂದು ಹಾಡಿನಿಂದ ಅವನೊಳಗೆ ಎದ್ದಿತು, ಅದೇ ಪರಮಸತ್ಯವಾಗಿತ್ತು. ಅಭಿನವಗುಪ್ತನೂ ರಸದ ವಿಚಾರದಲ್ಲಿ ಈ ಪ್ರಸಂಗವನ್ನೇ ನೆನೆಯುತ್ತಾನೆ. ಸ್ವಂತ ಅರ್ಥದ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ನಾನು ಕಾಣೆ.

ಮುಂದೆ ನಡೆದುದೇನು? ಕೆಲವೇ ಕ್ಷಣಗಳಲ್ಲಿ ಕಣ್ವಾಶ್ರಮದ ತಪಸ್ವಿಗಳು ಬಂದರೆಂದು ಕಂಚುಕಿಯು ಅರಿಕೆಮಾಡುತ್ತಾನೆ. ಶಕುಂತಲೆಯು ಎದುರಿಗೆ ಬಂದು ನಿಲ್ಲುತ್ತಾಳೆ. ಯಾರಿಗಾಗಿ ಮನಸ್ಸು ತಳಮಳಿಸಿತೋ ಅವಳೇ, ಗರ್ಭಿಣಿ, ಕೈಯೆತ್ತಿದರೆ ಮುಟ್ಟುವಷ್ಟು ಹತ್ತಿರ. ಅವನು ಅವಳನ್ನು ತಿಳಿಯೆನೆನ್ನುತ್ತಾನೆ. ಹಾಡಿಗೆ ಕರಗಿದ ಮನುಷ್ಯನು ಬಾಗಿಲಲ್ಲಿ ನಿಂತವಳನ್ನು ಗುರುತಿಸಲಿಲ್ಲ. ಶಾಪವುಂಟು, ಉಂಗುರವು ಕಳೆದಿತ್ತು, ಅರಸನ ತಪ್ಪಲ್ಲವೆಂದು ವ್ಯಾಖ್ಯಾನಕಾರರು ಅ���ನನ್ನು ಬಿಡಿಸುತ್ತಾರೆ, ಬಿಡಿಸಲಿ. ಆದರೆ ಕವಿಯು ಆ ಹಾಡನ್ನೂ ಆ ನಿರಾಕರಣೆಯನ್ನೂ ಒಂದೇ ಅಂಕದಲ್ಲಿ, ಒಂದರ ಬೆನ್ನಿಗೆ ಒಂದನ್ನು ಇಟ್ಟುದು ಆಕಸ್ಮಿಕವೆಂದು ನಾನು ನಂಬಲಾರೆ. ಕಣ್ಣೀರಿನ ಅರ್ಥವು ನಿಜವಾಗಿದ್ದರೂ, ಅದು ಎದುರಿನ ಮನುಷ್ಯನನ್ನು ತೋರಿಸಿಕೊಡದೆ ಹೋಗಬಹುದು. ಈ ಲೇಖನದ ಮೊದಲಿನಲ್ಲಿ ನಾನು ಹೇಳಿದ ಎರಡು ಸ್ವಾರ್ಥಗಳ ಗಡಿಯು ಇಲ್ಲಿದೆ.

ಈ ಗಡಿಯ ಆಚೆ ಇರುವವರು ಬಹುಮಂದಿ. ಪ್ರೇಮದಲ್ಲಿ ಸೋತ ತರುಣನೊಬ್ಬನು ಲೋಕದ ವಿರಹಗೀತೆಗಳೆಲ್ಲವೂ ತನ್ನ ಜೀವನಚರಿತ್ರೆಯೆಂದು ತಿಳಿದು ರಾತ್ರಿಯೆಲ್ಲ ಕೇಳುತ್ತಾನೆ. ಬೆಳಿಗ್ಗೆ ತಾಯಿ ಕಾಫಿ ತಂದಿಟ್ಟರೆ ತಲೆಯೆತ್ತುವುದಿಲ್ಲ. ತಾಯಿಯ ತ್ಯಾಗವನ್ನು ಹೊಗಳುವ ಹಾಡಿಗೆ ಸಭೆಯಲ್ಲಿ ಕಣ್ಣೊರಸಿಕೊಂಡವರು ತಮ್ಮ ತಾಯಿಯನ್ನು ವೃದ್ಧಾಶ್ರಮದಲ್ಲಿ ನೋಡಿಬಂದು ಎಷ್ಟು ತಿಂಗಳಾಯಿತೆಂದು ಕೇಳಿದರೆ ಮಾತು ಬದಲಿಸುವುದನ್ನೂ ಕಂಡಿದ್ದೇನೆ. ಇವರ ಪಾಲಿಗೆ ಹಾಡು ಕನ್ನಡಿಯಾಗಿದೆ. ಅದರಲ್ಲಿ ಎರಡನೆಯ ಮುಖಕ್ಕೆ ಸ್ಥಳವಿಲ್ಲ.

ಈಚೆ ಇರುವವರೂ ಇಲ್ಲದಿಲ್ಲ. 1972ರ 'ಬಂಗಾರದ ಮನುಷ್ಯ'ವನ್ನು ನೋಡಿ, ಅದರ ಹಾಡುಗಳನ್ನು ಕೇಳಿ, ಪಟ್ಟಣವನ್ನು ಬಿಟ್ಟು ಹಳ್ಳಿಗೆ ಮರಳಿ ನೇಗಿಲು ಹಿಡಿದವರಿದ್ದರೆಂಬ ಮಾತು ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆ. 2021ರ ಸಂಗತಿಯಂತೂ ನಮ್ಮ ನೆರೆಯದೇ. ರಾಜ್‌ಕುಮಾರರ ಕಣ್ಣುಗಳನ್ನು 2006ರಲ್ಲಿ ದಾನಮಾಡಿದ್ದಂತೆ ಪುನೀತರ ಕಣ್ಣುಗಳನ್ನೂ ದಾನಮಾಡಿದರು. ರಾಜಾಜಿನಗರದ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂಪದರ ಹಿಂಪದರಗಳೆಂದು ಬೇರ್ಪಡಿಸಿ, ಒಬ್ಬರಿಗೆ ಮುಂದಿನದನ್ನೂ ಇನ್ನೊಬ್ಬರಿಗೆ ಹಿಂದಿನದನ್ನೂ ಕೂಡಿಸಿದುದರಿಂದ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಅದಾದ ಮೇಲೆ ಕಣ್ಣನ್ನು ಕೊಡುತ್ತೇವೆಂದು ಹೆಸರು ಬರೆಯಿಸಿದವರ ಸಂಖ್ಯೆಯು ನಾಡಿನಲ್ಲೆಲ್ಲ ಬಹಳವಾಗಿ ಏರಿತು. ಇದು ಹಾಡಿನಿಂದಲೇ ಆಯಿತೆಂದು ಯಾರೂ ಹೇಳಲಾರರು. ಆದರೆ ಕೊಟ್ಟು ಬರಿದಾದವನ ಮನೆಯ ಬೊಂಬೆಯ ಹಾಡಿಗೆ ಅತ್ತವರು ತಾವೂ ಏನನ್ನಾದರೂ ಕೊಡಬೇಕೆಂದು ಹೊರಟದ್ದು ಆ ಹಾಡಿಗೆ ಒಪ್ಪುವ ವ್ಯಾಖ್ಯಾನವೆಂದು ನಾನು ಹೇಳಿದರೆ ಮೀಮಾಂಸಕರೂ ಆಕ್ಷೇಪಿಸಲಿಕ್ಕಿಲ್ಲ. ಆರು ಗುರುತುಗಳಲ್ಲಿ ಫಲವೂ ಒಂದಲ್ಲವೆ?

ಎರಡು ದಿನಗಳು ಕಳೆದ ಮೇಲೆ ಆ ತಂದೆಯು ಬಂದನು. ನಾನು ಹಾಡನ್ನು ನಿಲ್ಲಿಸುವ ಮಾತೆತ್ತದೆ, ಅವನ ಮನೆಯ ವಿಷಯವನ್ನು ವಿಚಾರಿಸಿದೆನು. ಆಗ ತಿಳಿದುಬಂದುದೇನೆಂದರೆ, ಅವರಿಗೆ ಕಿರಿಯ ಮಗನೊಬ್ಬನುಂಟು. ಆಗ ಹದಿನೇಳು ವರ್ಷ. ಸಂಜೆ ಹಾಡು ಮುಗಿಯುವವರೆಗೆ ಅವನು ಮನೆಯೊಳಗೆ ಬರುವುದಿಲ್ಲ. ಗೇಟಿನ ಬಳಿ ಬೈಸಿಕಲ್ಲನ್ನು ಹಿಡಿದು ನಿಂತಿರುತ್ತಾನೆ. ತಾಯಿಯು ಅವನನ್ನು ಬೈಯುವುದೂ ಇಲ್ಲ, ಕರೆಯುವುದೂ ಇಲ್ಲ. "ಅವಳಿಗೆ ಅವನು ಕಾಣಿಸುವುದೇ ಇಲ್ಲವೇನೋ ಅನ್ನಿಸುತ್ತೆ," ಎಂದನು ತಂದೆ. ಅವನು ಮೊದಲ ದಿನ ಬಂದುದು ಈ ದುಃಖದಿಂದಲೇ ಇರಬೇಕು. ಬಾಯಿಗೆ ಬಂದುದು ಮಾತ್ರ ಸಿನಿಮಾ ಹಾಡಿನ ಪ್ರಶ್ನೆ.

ಹಾಡು ಇರಲಿ, ಕೇಳುವಾಗ ಕಿರಿಯವನನ್ನೂ ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿರಿ, ನೀವೂ ಕುಳಿತುಕೊಳ್ಳಿರಿ ಎಂದು ಹೇಳಿದೆನು. ಶಾಕುಂತಲದ ಕಥೆಯನ್ನು ಅವನಿಗೆ ಹೇಳಲಿಲ್ಲ. ಅಷ್ಟು ವಿವೇಕವು ಮೇಷ್ಟ್ರುಗಿರಿಯಿಂದ ನನಗೆ ಬಂದಿದೆ.

ಎಷ್ಟು ದಿನ ಅವರು ಹಾಗೆ ಸುಮ್ಮನೆ ಕುಳಿತರೋ ನನಗೆ ತಿಳಿಯದು. ಬೇಸಿಗೆಯ ಹೊತ್ತಿಗೆ ತಂದೆಯು ಹೇಳಿದ ಸಂಗತಿಯಿದು. ಒಂದು ಸಂಜೆ ಹಾಡು ಮುಗಿದ ಮೇಲೆ ಕಿರಿಯವನು, ಅಣ್ಣನಿಗೆ ಈ ಹಾಡು ಅಷ್ಟೇನೂ ಇಷ್ಟವಿರಲಿಲ್ಲ ಎಂದನಂತೆ. ತಾಯಿಯು ತಿರುಗಿ ಅವನ ಮುಖವನ್ನು ನೋಡಿ, ಮತ್ತೆ ಯಾವುದು ಇಷ್ಟವಿತ್ತು ಎಂದು ಕೇಳಿದಳಂತೆ. ತಾನು ಚಿಕ್ಕವನಾಗಿದ್ದಾಗ ದೀಪ ಹೋದ ರಾತ್ರಿಗಳಲ್ಲಿ ಹೆದರಿಕೊಂಡರೆ ಅಣ್ಣನು ಆ ಸೂರ್ಯ ಚಂದ್ರರ ಹಾಡನ್ನು ಹಾಡಿ ಮಲಗಿಸುತ್ತಿದ್ದನೆಂದೂ, ನಡುವೆ ಒಂದು ಪದವನ್ನು ಯಾವಾಗಲೂ ತಪ್ಪಾಗಿ ಹಾಡುತ್ತಿದ್ದನೆಂದೂ ಹುಡುಗನು ಹೇಳಿದನು. ತಾಯಿಗೆ ಇದು ಗೊತ್ತೇ ಇರಲಿಲ್ಲ. ಹಾಡಿ ತೋರಿಸು ಎಂದಳು. ಅವನು ಹಾಡಿದನು. ಈಗಲೂ ಆ ಮನೆಯಲ್ಲಿ ಆ ಪದವನ್ನು ತಪ್ಪಾಗಿಯೇ ಹಾಡುತ್ತಾರಂತೆ.